ಹಗುರ ಬಿಲ್ಲಿಗೆ ಎಂಥ ಮೊನೆ?

(ಹಗುರ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವರು ಬಾಣಕ್ಕೆ ಎಂಥ ಮೊನೆ ಹಾಕಬೇಕು ಅಂತ, ಟೆಕ್ಸಸ್‌ನಲ್ಲಿ ಕನ್ನಡ ಗೆಳೆಯರು ಸೇರಿದ್ದ ಒಂದು ಭಾನುವಾರ ಆಡಿದ ಮಾತು ಇದು. ನಡುವಿನ ಕಾಫಿ, ನಗು, ಮಕ್ಕಳ ಗಲಾಟೆ ತೆಗೆದು, ಉಳಿದದ್ದನ್ನು ಆದಷ್ಟು ಹಾಗೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಂಡೀಪುರ, ನಾಗರಹೊಳೆಯ ಚುಕ್ಕೆ ಜಿಂಕೆ ನಿಮಗೆಲ್ಲ ಗೊತ್ತು. ಇಲ್ಲಿ ಆಸ್ಟಿನ್ ದಾಟಿ ಕೆರ್‌ವಿಲ್ ಕಡೆ ಹೋದರೆ ಅದೇ ಜಿಂಕೆ ಬೇಲಿ ಪಕ್ಕ ಮೇಯುತ್ತಿರುತ್ತದೆ. ಇಲ್ಲಿಯವರು ಅದನ್ನು ಆಕ್ಸಿಸ್ ಎನ್ನುತ್ತಾರೆ. 1932ರಲ್ಲಿ ತಂದು ಬಿಟ್ಟದ್ದು, ಈಗ ತಾನಾಗೇ ಹಬ್ಬಿಕೊಂಡಿದೆ. ನಮ್ಮ ರಾಣೆಬೆನ್ನೂರಿನ ಕಡೆ ಕಾಣುವ ಕೃಷ್ಣಮೃಗವೂ ಇಲ್ಲಿದೆ. ದಕ್ಷಿಣ ಟೆಕ್ಸಸ್‌ನಲ್ಲಿ ನೀಲ್‌ಗಾಯ್ ಹಿಂಡೇ ಇದೆ. ಮೊದಲ ಸಲ ನೋಡಿದಾಗ ನನಗೆ ನೆಂಟರು ಸಿಕ್ಕ ಹಾಗಾಗಿತ್ತು.

ಊರಲ್ಲಿ ಚುಕ್ಕೆ ಜಿಂಕೆಯನ್ನೋ ಕೃಷ್ಣಮೃಗವನ್ನೋ ಮುಟ್ಟಿದರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲು. ಅದು ಸರಿಯಾಗಿಯೇ ಇದೆ. ಇಲ್ಲಿ ಇವು ಹೊರಗಿನಿಂದ ಬಂದವು. ಜಮೀನಿನವರ ಒಪ್ಪಿಗೆ, ಕೈಯಲ್ಲಿ ಲೈಸೆನ್ಸ್ ಇದ್ದರೆ ವರ್ಷವಿಡೀ ಬೇಟೆಯಾಡಬಹುದು. ಹಾಗಾಗಿ ಇವತ್ತಿನ ಮಾತೆಲ್ಲ ಇಲ್ಲಿಗೆ ಮಾತ್ರ. ಇದನ್ನು ಕೇಳಿ ರಜೆಗೆ ಊರಿಗೆ ಹೋದಾಗ ಯಾರೂ ಸಾಹಸ ಮಾಡಬೇಡಿ. ಬೇಟೆಯೇ ಬೇಡ ಅನ್ನುವವರೂ ಇಲ್ಲಿ ಕೂತಿದ್ದೀರಿ. ನಿಮ್ಮ ಜೊತೆ ವಾದಕ್ಕೆ ನಾನು ಬಂದಿಲ್ಲ. ಬಾಣ ಬಿಟ್ಟೇ ಬಿಡುತ್ತೇನೆ ಅನ್ನುವವರು ಪ್ರಾಣಿಯನ್ನು ಅರೆಜೀವ ಮಾಡಿ ಓಡಿಸಬಾರದು. ನನ್ನ ಕಾಳಜಿ ಅಷ್ಟೇ.

ಹಗುರ ಬಿಲ್ಲು ಅಂದರೆ ಎಷ್ಟು? ನನ್ನ ಲೆಕ್ಕದಲ್ಲಿ 35ರಿಂದ 45 ಪೌಂಡ್. ಅಂದರೆ ಹೆದೆಯನ್ನು ಪೂರ್ತಿ ಸೆಳೆಯುವಾಗ ಬೆರಳಿಗೆ ಸಿಗುವ ಅತಿ ಜಾಸ್ತಿ ಎಳೆತ ಅಷ್ಟು. ಹೆಂಗಸರು, ಹದಿನಾಲ್ಕು ಹದಿನೈದರ ಮಕ್ಕಳು, ಐವತ್ತು ದಾಟಿ ಭುಜ ಕೈಕೊಟ್ಟವರು, ಎಲ್ಲರೂ ಈ ಗುಂಪಿಗೆ ಸೇರುತ್ತೇವೆ. ನನಗೆ ಬಲಭುಜದ ಆಪರೇಷನ್ ಆಗಿದೆ. ಒಂದು ಕಾಲಕ್ಕೆ 52 ಪೌಂಡ್ ಎಳೆಯುತ್ತಿದ್ದೆ, ಈಗ 40. ಅದಕ್ಕೆ ಬೇಜಾರಿಲ್ಲ. ಮೊನೆಯ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಂಡದ್ದೇ ಬಲ ಹೋದ ಮೇಲೆ.

ಬಿಲ್ಲು ಕೊಳ್ಳುವಾಗ ಡಬ್ಬಿಯ ಮೇಲೆ 320 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಬಾಣ ಸೆಕೆಂಡಿಗೆ 320 ಅಡಿ ಹೋಗುತ್ತದೆ ಅಂತ ಅರ್ಥ. ಆ ಅಂಕಿ ನಮ್ಮದಲ್ಲ. ಅದನ್ನು ಅಳೆಯುವಾಗ ಬಿಲ್ಲು 70 ಪೌಂಡ್ ಇರುತ್ತದೆ, ಸೆಳೆತದ ಉದ್ದ 30 ಇಂಚು, ಬಾಣ ಬರೀ 350 ಗ್ರೇನ್. ನನ್ನ ತೋಳಿಗೆ 30 ಇಂಚು ಎಲ್ಲಿಂದ ಬರಬೇಕು? ನನ್ನದು 26. ಒಂದೊಂದು ಇಂಚಿಗೆ ಸುಮಾರು 10 ಅಡಿ ವೇಗ ಹೋಯಿತು ಅನ್ನಿ. ಆದ್ದರಿಂದ ಯಾರಾದರೂ "ನಂದು 40 ಪೌಂಡ್" ಅಂದರೆ ಅಷ್ಟಕ್ಕೇ ಸುಮ್ನಾಗಬೇಡಿ, ಸೆಳೆತದ ಉದ್ದ ಎಷ್ಟು ಅಂತಲೂ ಕೇಳಿ. ನಲವತ್ತು ಪೌಂಡನ್ನು 29 ಇಂಚು ಎಳೆಯುವವನ ಬಾಣವೇ ಬೇರೆ, 25 ಇಂಚು ಎಳೆಯುವ ಹುಡುಗಿಯ ಬಾಣವೇ ಬೇರೆ.

ಗ್ರೇನ್ ಅಂದೆ ಅಲ್ವಾ, ಅದನ್ನು ಹೇಳಿಬಿಡುತ್ತೇನೆ. ಬಾಣದ ತೂಕವನ್ನೆಲ್ಲ ಇಲ್ಲಿ ಗ್ರೇನಿನಲ್ಲೇ ಹೇಳುತ್ತಾರೆ. ಒಂದು ಗ್ರೇನ್ ಅಂದರೆ 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿ ಚಿನ್ನ ತೂಗುತ್ತಿದ್ದ ಗುಲಗಂಜಿ ನೆನಪಿದೆಯಾ? ಒಂದು ಗುಲಗಂಜಿಗೆ ಹೆಚ್ಚುಕಮ್ಮಿ ಎರಡು ಗ್ರೇನ್. ಅಂಗಡಿಯಲ್ಲಿ ಸಿಗುವ 100 ಗ್ರೇನಿನ ಮೊನೆ ಅಂದರೆ ಐವತ್ತು ಚಿಲ್ಲರೆ ಗುಲಗಂಜಿ, ಆರೂವರೆ ಗ್ರಾಂ. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಭಾಷಣ.

ಈಗ ಒಂದೇ ಒಂದು ಲೆಕ್ಕ. ಬಾಣದ ತೂಕವನ್ನು ವೇಗದಿಂದ ಎರಡು ಸಲ ಗುಣಿಸಿ, 450240ರಿಂದ ಭಾಗಿಸಿ. ಬಾಣದ ಶಕ್ತಿ ಅಡಿ-ಪೌಂಡಿನಲ್ಲಿ ಸಿಗುತ್ತದೆ. ನನ್ನ 400 ಗ್ರೇನಿನ ಬಾಣಕ್ಕೆ ವೇಗಮಾಪಕ 200 ಅಡಿ ತೋರಿಸಿತು. ಲೆಕ್ಕ ಹಾಕಿದರೆ ಮೂವತ್ತೈದೂವರೆ. ನಮ್ಮ ಪಕ್ಕದ ಮನೆಯವನು 70 ಪೌಂಡ್ ಎಳೆಯುತ್ತಾನೆ, 450 ಗ್ರೇನಿನ ಬಾಣ, ವೇಗ 280. ಅವನದು 78. ನನ್ನ ಎರಡರಷ್ಟಕ್ಕಿಂತ ಜಾಸ್ತಿ. ಅವನು ಯಾವ ಮೊನೆ ಸಿಕ್ಕಿಸಿದರೂ ನಡೆಯುತ್ತದೆ. ಸಂತೆಯಲ್ಲಿ ದುಡ್ಡಿದ್ದವನು ಚೌಕಾಸಿ ಮಾಡುವುದಿಲ್ಲವಲ್ಲ, ಹಾಗೆ. ನಾನು ಮಾಡಬೇಕು.

ಹಾಗಂತ ಮೂವತ್ತೈದು ಏನೂ ಅಲ್ಲ ಅಂದುಕೊಳ್ಳಬೇಡಿ. ಬಾಣ ಮಾಡುವ ಈಸ್ಟನ್ ಕಂಪನಿಯ ಹಳೆಯ ಪಟ್ಟಿ ಒಂದಿದೆ, ಎಲ್ಲರೂ ಅದನ್ನೇ ಹಿಡಿದು ಮಾತಾಡುತ್ತಾರೆ. ಅದರ ಪ್ರಕಾರ ಜಿಂಕೆಯಂಥ ಪ್ರಾಣಿಗೆ 25ರಿಂದ 41 ಅಡಿ-ಪೌಂಡ್. ನಾವು ಆ ಮನೆಯೊಳಗೇ ಇದ್ದೇವೆ. ಆದರೆ ಪೋಲು ಮಾಡಲು ಏನೂ ಉಳಿದಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ: ತೋಳಿನಲ್ಲಿ ಇಲ್ಲದ್ದನ್ನು ಅಲಗಿನಲ್ಲಿ ತರಬೇಕು.

ಇದನ್ನು ನಾನು ಬುದ್ಧಿಯಿಂದ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ. ಆಪರೇಷನ್ ಆದ ಮರುವರ್ಷ ಅಂಗಡಿಗೆ ಹೋದೆ. ಅಲ್ಲಿಯವನು ಬಿಚ್ಚಿಕೊಳ್ಳುವ ಮೊನೆಗಳನ್ನು ಹರವಿದ. ಇಲ್ಲಿ ಅವನ್ನು ಮೆಕ್ಯಾನಿಕಲ್ ಎನ್ನುತ್ತಾರೆ. ಹಾರುವಾಗ ಅಲಗು ಮಡಚಿಕೊಂಡಿರುತ್ತದೆ, ಪ್ರಾಣಿಗೆ ತಾಗಿದಾಗ ಬಿಚ್ಚಿಕೊಂಡು ಎರಡು ಇಂಚು ಅಗಲ ಕೊಯ್ಯುತ್ತದೆ. ಗುರಿಹಲಗೆಗೆ ಬಿಡುವ ಬಾಣ ಹಾರಿದಷ್ಟೇ ನೇರವಾಗಿ ಹಾರುತ್ತದೆ. ನನಗೂ ಆಸೆ ಹುಟ್ಟಿತು. "ಬಲ ಕಮ್ಮಿ ಇದ್ದರೆ ಗಾಯವಾದರೂ ದೊಡ್ಡದಾಗಲಿ" ಅಂತ ಅವನು ಹೇಳಿದ್ದು ನ್ಯಾಯ ಅನ್ನಿಸಿತು.

ಒಂದು ಸಂಜೆ ಹೆಣ್ಣು ಜಿಂಕೆಯೊಂದು 23 ಗಜದಲ್ಲಿ ಅಡ್ಡಲಾಗಿ ನಿಂತಿತ್ತು. ಬಾಣ ಬಿಟ್ಟೆ. ಪಕ್ಕೆಗೆ ತಾಗಿದ ಸದ್ದು ಕೇಳಿಸಿತು. ಅದು ಓಡುವಾಗ ನೋಡಿದರೆ ಬಾಣದ ಮುಕ್ಕಾಲು ಭಾಗ ಹೊರಗೇ ನೇತಾಡುತ್ತಿತ್ತು. ಮೂವತ್ತು ಹೆಜ್ಜೆ ಆಚೆ ಬಾಣ ಬಿದ್ದಿತ್ತು. ಒಳಗೆ ಹೋದದ್ದು ನಾಲ್ಕು ಇಂಚೂ ಇಲ್ಲ. ರಕ್ತದ ಹನಿ ಅರವತ್ತು ಹೆಜ್ಜೆವರೆಗೆ ಸಿಕ್ಕಿತು, ಆಮೇಲೆ ಏನೂ ಇಲ್ಲ. ಟಾರ್ಚ್ ಹಿಡಿದು ರಾತ್ರಿ ಹುಡುಕಿದೆವು, ಮರುದಿನ ಮಧ್ಯಾಹ್ನದವರೆಗೆ ಹುಡುಕಿದೆವು. ಸಿಗಲಿಲ್ಲ. ಆ ವರ್ಷ ನಾನು ಮತ್ತೆ ಬಿಲ್ಲು ಮುಟ್ಟಲಿಲ್ಲ.

ಆದದ್ದೇನು? ಮಡಚಿದ ಅಲಗು ಬಿಚ್ಚಿಕೊಳ್ಳಲು ಶಕ್ತಿ ಬೇಕು. ಅದು ಬಾಣದಿಂದಲೇ ಹೋಗಬೇಕು. ಬಿಚ್ಚಿಕೊಂಡ ಮೇಲೆ ಎರಡು ಇಂಚು ಅಗಲದ ಅಲಗನ್ನು ಚರ್ಮ, ಪಕ್ಕೆಲುಬು, ಮಾಂಸದ ಮೂಲಕ ನೂಕಬೇಕು. ಅದಕ್ಕೂ ಅಲ್ಲಿಂದಲೇ ಹೋಗಬೇಕು. ಕೊಡೆ ಬಿಚ್ಚಿಕೊಂಡು ಬಸ್ಸು ಹತ್ತಿದ ಹಾಗೆ. ಪೈಲ್ವಾನನಾದರೆ ಕೊಡೆ ಸಮೇತ ನುಗ್ಗುತ್ತಾನೆ, ನಾವು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತೇವೆ. ಹಗುರ ಬಿಲ್ಲಿಗೆಂದೇ ಅಗಲ ಕಮ್ಮಿ ಮಾಡಿದ ಮೆಕ್ಯಾನಿಕಲ್‌ಗಳೂ ಮಾರಾಟಕ್ಕಿವೆ. ಅದರಲ್ಲಿ ಜಿಂಕೆ ಹೊಡೆದವರೂ ಇದ್ದಾರೆ. ನನಗೆ ಆ ಧೈರ್ಯ ಇಲ್ಲ.

ಹಾಗಾದರೆ ಯಾವುದು? ಅಲಗು ಅಲ್ಲಾಡದ, ಗಟ್ಟಿ ಕೂತ ಮೊನೆ. ಇದಕ್ಕೆ ಫಿಕ್ಸೆಡ್ ಎನ್ನುತ್ತಾರೆ. ಅದರಲ್ಲೂ ಎರಡು ಜಾತಿ ಇದೆ, ಇಲ್ಲೇ ಜಾಸ್ತಿ ಜನ ಎಡವುವುದು. ಒಂದರ ತುದಿ ಮೂರು ಮುಖದ ಉಳಿಯ ಹಾಗೆ ಇರುತ್ತದೆ, ಅಲಗು ಅದರ ಹಿಂದೆ ಶುರುವಾಗುತ್ತದೆ. ಇನ್ನೊಂದರಲ್ಲಿ ಅಲಗು ತುದಿಯಿಂದಲೇ ಶುರು. ಮೊದಲನೆಯದು ಗೋಣಿ ಹೊಲಿಯುವ ದಬ್ಬಳ. ಮೊದಲು ಚುಚ್ಚಬೇಕು, ತೂತು ಮಾಡಬೇಕು, ಆಮೇಲೆ ಕೊಯ್ಯುವ ಮಾತು. ಎರಡನೆಯದು ಈಳಿಗೆ. ತಾಗಿದ ಕ್ಷಣದಿಂದಲೇ ಕೊಯ್ತ. ಅಮ್ಮ ಈಳಿಗೆಮಣೆ ಮೇಲೆ ಕೂತು ಕುಂಬಳಕಾಯಿ ಹೆಚ್ಚುವುದನ್ನು ನೋಡಿದ್ದೀರಲ್ಲ? ಯಾವತ್ತಾದರೂ ಗುದ್ದಿ ಹೆಚ್ಚಿದ್ದಾರಾ? ಅಲಗಿನ ಮೇಲೆ ಜಾರಿಸುತ್ತಾರೆ, ಅಷ್ಟೇ. ದಬ್ಬಳದ ತುದಿ ಎಲುಬಿಗೆ ತಾಗಿದರೆ ಗಟ್ಟಿ, ಒಪ್ಪುತ್ತೇನೆ. ಆದರೆ ನಲವತ್ತು ಪೌಂಡಿನ ನಾವು ಎಲುಬಿನ ಕಡೆ ಗುರಿ ಇಡುವವರೇ ಅಲ್ಲ.

ಇನ್ನು ಆಕಾರ. ಆಗುಂಬೆ ಘಾಟಿ ರಸ್ತೆ ಯಾಕೆ ಸುತ್ತಿ ಸುತ್ತಿ ಏರುತ್ತದೆ? ನೇರ ಏರಿದರೆ ಲಾರಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ದಾರಿ ಉದ್ದವಾದಷ್ಟೂ ಏರು ಸುಲಭ. ಮೊನೆಗೂ ಅದೇ ನಿಯಮ. ಅಗಲ ಒಂದು ಇಂಚಿದ್ದರೆ ಉದ್ದ ಮೂರು ಇಂಚಿರಲಿ ಅನ್ನುವುದು ಹಳೆಯ ಬಿಲ್ಲುಗಾರರ ಲೆಕ್ಕ. ಹೋವರ್ಡ್ ಹಿಲ್ ಎಂಬ ಅಮೆರಿಕದ ದೊಡ್ಡ ಬಿಲ್ಲುಗಾರ ಇದನ್ನೇ ಹಿಡಿದಿದ್ದ. ಆತ ನೂರು ಪೌಂಡಿಗೂ ಮೀರಿದ ಬಿಲ್ಲಿನಲ್ಲಿ ಆಫ್ರಿಕಾದ ಆನೆ ಹೊಡೆದವನು. ಆ ಆನೆ ಬೇಟೆ ನನಗೆ ಇಷ್ಟವಿಲ್ಲ. ಆದರೂ ಅಷ್ಟು ಬಲ ಇದ್ದವನಿಗೇ ಉದ್ದ ಮೊನೆ ಬೇಕಾಗಿದ್ದರೆ, ನಮಗೆ ಬೇಡವೇ? ಇವತ್ತಿನ ಅಂಗಡಿಯಲ್ಲಿ ಸಿಗುವ ಮೊನೆಗಳು ಜಾಸ್ತಿ ಕುಳ್ಳು. ವೇಗದ ಬಿಲ್ಲಿನಲ್ಲಿ ಗಾಳಿ ಹಿಡಿಯಬಾರದು ಅಂತ ಹಾಗೆ ಮಾಡುತ್ತಾರೆ. ದೊಡ್ಡ ಅಲಗು ರೆಕ್ಕೆಯ ಹಾಗೆ ಬಾಣವನ್ನು ಪಕ್ಕಕ್ಕೆ ಎಳೆಯುತ್ತದೆ. ನಮ್ಮ ಬಾಣ ನಿಧಾನ, ಆ ಕಾಟ ನಮಗೆ ಕಮ್ಮಿ. ನಿಧಾನಕ್ಕೂ ಒಂದು ಲಾಭ ಬೇಡವಾ?

ಅಲಗು ಎಷ್ಟಿರಬೇಕು, ಎರಡೋ ಮೂರೋ ನಾಲ್ಕೋ? ಒಂದು ಕಾಲು ಗಂಟೆ ಜಗಳ ಆಡುವ ವಿಷಯ ಇದು. ಲೆಕ್ಕ ನೋಡಿ. ಒಂದೂ ಕಾಲು ಇಂಚಿಗಿಂತ ಚೂರು ಸಣ್ಣ, 1 1/8 ಇಂಚು ಅಗಲದ ಎರಡು ಅಲಗಿನ ಮೊನೆ ಒಟ್ಟು ಕೊಯ್ಯುವುದು ಅಷ್ಟೇ, 1 1/8. ಅದೇ ಅಗಲದಲ್ಲಿ ಮೂರು ಅಲಗಿದ್ದರೆ ಕೊಯ್ತ ಸುಮಾರು 1.7 ಇಂಚು. ಒಂದು ಇಂಚಿನ ನಾಲ್ಕು ಅಲಗಿಗೆ ಎರಡು ಇಂಚು. ಕೊಯ್ತ ಜಾಸ್ತಿಯಾದಷ್ಟೂ ರಕ್ತ ಜಾಸ್ತಿ, ನಿಜ. ಆದರೆ ಕೊಯ್ಯುವ ಪ್ರತಿ ಅಂಚನ್ನೂ ನೂಕುವುದು ಅದೇ ಮೂವತ್ತೈದು ಅಡಿ-ಪೌಂಡ್.

ನನಗೆ ಅಗಲವಾದ ಒಂದು ತೂತಿಗಿಂತ ಸಣ್ಣ ಎರಡು ತೂತು ಮೇಲು. ಈ ಕಡೆ ಒಂದು, ಆ ಕಡೆ ಒಂದು. ಯಾಕೆಂದರೆ ನಾವು ಬಹಳ ಸಲ ಎತ್ತರದ ಮುಕ್ಕಾಲಿ ಮಂಚದ ಮೇಲೆ ಕೂತು ಕೆಳಗೆ ಬಾಣ ಬಿಡುತ್ತೇವೆ. ಬಾಣ ಒಳಹೋದ ಗಾಯ ಮೇಲ್ಭಾಗದಲ್ಲಿರುತ್ತದೆ. ಆ ಕಡೆ ತೂತಾಗದಿದ್ದರೆ ರಕ್ತ ಎದೆಗೂಡಿನ ಒಳಗೇ ತುಂಬುತ್ತದೆ, ಪಾತ್ರೆ ತುಂಬಿದ ಹಾಗೆ. ನೆಲಕ್ಕೆ ಹನಿ ಬೀಳುವುದಿಲ್ಲ. ಪ್ರಾಣಿ ನೂರು ಗಜದೊಳಗೆ ಸತ್ತು ಬಿದ್ದಿದ್ದರೂ ಪೊದೆಗಳ ನಡುವೆ ನಮಗೆ ಕಾಣುವುದಿಲ್ಲ. ಆಚೆ ಬದಿಯಲ್ಲಿ ಕೆಳಗೆ ತೂತಾಗಿದ್ದರೆ ಜಾಡು ಹಿಡಿದು ಹೋಗಬಹುದು. ಹಾಗಾಗಿ ನನ್ನ ಆಯ್ಕೆ ಎರಡು ಅಲಗು. ಎರಡು ದೊಡ್ಡ ಅಲಗಿಗೆ ಅಡ್ಡವಾಗಿ ಎರಡು ಪುಟ್ಟ ಅಲಗು ಸೇರಿಸಿದ ಮೊನೆಗಳೂ ಇವೆ. ಅಮೆರಿಕದ ಬಿಲ್ಲು ತಯಾರಕ ಫ್ರೆಡ್ ಬೇರ್ 1956ರಲ್ಲಿ ತಂದ ರೇಜರ್‌ಹೆಡ್ ಈ ಜಾತಿಯದು. 45 ಪೌಂಡಿನ ಹತ್ತಿರ ಇರುವವರು ಅದನ್ನು ನೋಡಬಹುದು. 35ರ ಹತ್ತಿರ ಇದ್ದರೆ ಆ ಪುಟ್ಟ ಅಲಗನ್ನು ತೆಗೆದಿಡಿ.

ಅಗಲ ತೀರಾ ಸಣ್ಣದಾಗಲೂ ಬಾರದು, ಅದಕ್ಕೆ ಕಾನೂನಿದೆ. ಕೊಲರಾಡೊ, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಎಲ್ಲ ಕಡೆ ಕೇಳುವ ಅಂಕಿ 7/8 ಇಂಚು. ಬಿಲ್ಲಿನ ಬಲಕ್ಕೂ ಕೆಲವು ರಾಜ್ಯಗಳಲ್ಲಿ ಮಿತಿ ಇದೆ. ಕೊಲರಾಡೊದಲ್ಲಿ 35 ಪೌಂಡ್, ವಿಸ್ಕಾನ್ಸಿನ್‌ನಲ್ಲಿ 30. ನಿಯಮ ಬದಲಾಗುತ್ತಿರುತ್ತದೆ, ಆಯಾ ವರ್ಷದ ಪುಸ್ತಿಕೆ ನೋಡಿಯೇ ಹೋಗಿ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಚೂಪು.

1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿಗೆ ಒಬ್ಬ ಮನುಷ್ಯ ಕಾಡಿನಿಂದ ಇಳಿದು ಬಂದ. ಯಾಹಿ ಎಂಬ ಮೂಲನಿವಾಸಿ ಪಂಗಡದಲ್ಲಿ ಉಳಿದಿದ್ದವನು ಅವನೊಬ್ಬನೇ. ಉಳಿದವರೆಲ್ಲ ಬಿಳಿಯರ ದಾಳಿಗೆ, ಹಸಿವಿಗೆ ಸತ್ತಿದ್ದರು. ಅವನನ್ನು ಇಶಿ ಎಂದು ಕರೆದರು, ಅವರ ಭಾಷೆಯಲ್ಲಿ ಮನುಷ್ಯ ಅಂತ ಅರ್ಥ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಯಾಕ್ಸ್ಟನ್ ಪೋಪ್ ಎಂಬ ಸರ್ಜನ್ ಅವನಿಗೆ ಸ್ನೇಹಿತನಾದ, ಅವನಿಂದಲೇ ಬಿಲ್ಲುವಿದ್ಯೆ ಕಲಿತ. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಇವತ್ತು ಅಮೆರಿಕದಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೋಗುವವರೆಲ್ಲ ಒಂದು ರೀತಿಯಲ್ಲಿ ಅವನ ಶಿಷ್ಯರ ಶಿಷ್ಯರು.

ಇಶಿಯ ಬಿಲ್ಲು ಭಾರಿ ಬಿಲ್ಲಲ್ಲ. ನಲವತ್ತು ಚಿಲ್ಲರೆ ಪೌಂಡ್, ಅಂದರೆ ನಮ್ಮ ಜಾತಿಯದೇ. ಅದರಲ್ಲೇ ಅವನು ಜಿಂಕೆ ಹೊಡೆದು ಬದುಕಿದ್ದ. ಹೇಗೆ? ಒಂದು, ಹತ್ತಿರ ಹೋಗುತ್ತಿದ್ದ. ಇನ್ನೊಂದು, ಅವನ ಬಾಣದ ಮೊನೆ. ಜ್ವಾಲಾಮುಖಿಯ ಗಾಜುಕಲ್ಲನ್ನು ಕೊಂಬಿನ ತುದಿಯಿಂದ ಒತ್ತಿ ಒತ್ತಿ ಚಕ್ಕೆ ಎಬ್ಬಿಸಿ ಮೊನೆ ಮಾಡುತ್ತಿದ್ದ. ಪೋಪ್‌ಗೆ ಅನುಮಾನ ಬಂತು, ಇದು ಉಕ್ಕಿಗೆ ಸಮನಾ ಅಂತ. ಪೆಟ್ಟಿಗೆಯೊಂದಕ್ಕೆ ಜಿಂಕೆಯ ಚರ್ಮ ಹೊದಿಸಿ, ಒಳಗೆ ಹಸುವಿನ ಪಿತ್ತಜನಕಾಂಗ ತುಂಬಿ, ಎರಡು ಥರದ ಬಾಣವನ್ನೂ ಬಿಟ್ಟು ನೋಡಿದ. ಗಾಜುಕಲ್ಲೇ ಜಾಸ್ತಿ ದೂರ ಹೋಯಿತು. ಬಿಲ್ಲು ಅದೇ, ಬಾಣ ಬಿಟ್ಟವನೂ ಅವನೇ.

ಗಾಜುಕಲ್ಲು ಬೇಕಾಗಿಲ್ಲ. ಎಲುಬಿಗೆ ತಾಗಿದರೆ ಒಡೆದು ಹೋಗುತ್ತದೆ. ಆದರೆ ಪಾಠ ಬೇಕು. ಪೌಂಡು ಜಾಸ್ತಿ ಮಾಡಿಕೊಳ್ಳಲು ನನಗೆ ಹೊಸ ಭುಜ ಬೇಕು. ಚೂಪು ಜಾಸ್ತಿ ಮಾಡಿಕೊಳ್ಳಲು ಮಸೆಗಲ್ಲು, ಅರ್ಧ ಗಂಟೆ ಸಾಕು. ಪ್ಯಾಕೆಟ್ಟಿನಿಂದ ತೆಗೆದ ಹೊಸ ಮೊನೆ ಚೂಪಾಗಿಯೇ ಇರುತ್ತದೆ ಅನ್ನುವುದು ಒಂದು ನಂಬಿಕೆ ಅಷ್ಟೇ. ನಾನು ತಂದ ಆರರಲ್ಲಿ ಎರಡು ಟೊಮೆಟೊ ಕೊಯ್ಯಲೂ ಲಾಯಕ್ಕಿರಲಿಲ್ಲ.

ನನ್ನ ಕ್ರಮ ಹೇಳುತ್ತೇನೆ. ಅಲಗಿನ ಓರೆಗೆ, ಅಂದರೆ ಅಂಚಿನ ಕಡೆ ಇಳಿಜಾರಾದ ಭಾಗಕ್ಕೆ, ಕಪ್ಪು ಮಾರ್ಕರ್ ಬಳಿಯಿರಿ. ಕಲ್ಲಿನ ಮೇಲೆ ನಾಲ್ಕು ಸಲ ಎಳೆಯಿರಿ. ಕಪ್ಪು ಎಲ್ಲಿ ಹೋಗಿದೆ ನೋಡಿ. ಅಂಚಿನ ತುದಿಯವರೆಗೆ ಹೋಗಿಲ್ಲ ಅಂದರೆ ಕೋನ ತಪ್ಪಿದೆ. ಕೋನ ಒಂದೊಂದು ಬದಿಗೆ 25 ಡಿಗ್ರಿಯ ಆಸುಪಾಸು ಇರಲಿ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಲೋಹದ ಸಣ್ಣ ಮುಳ್ಳು ಏಳುತ್ತದೆ, ಬೆರಳಿಗೆ ಗೊತ್ತಾಗುತ್ತದೆ. ಅದು ಎದ್ದ ಮೇಲೇ ಬದಿ ಬದಲಿಸಿ. ಕೊನೆಗೆ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಎಳೆದು ಆ ಮುಳ್ಳನ್ನು ಕಳಚಿ. ನಮ್ಮೂರಿಗೆ ಸೈಕಲ್ ಚಕ್ರ ತುಳಿಯುತ್ತಾ ಸಾಣೆಯವನು ಬರುತ್ತಿದ್ದ. ಕಿಡಿ ಹಾರುವುದನ್ನು ನೋಡಲು ನಾವು ಮಕ್ಕಳೆಲ್ಲ ಸುತ್ತ ನಿಲ್ಲುತ್ತಿದ್ದೆವು. ಆದರೆ ಅಜ್ಜಿ ಈಳಿಗೆಯನ್ನು ಅವನಿಗೆ ಕೊಡುತ್ತಿರಲಿಲ್ಲ. "ಕಿಡಿ ಹಾರಿದರೆ ಅಲಗು ಸತ್ತ ಹಾಗೆ" ಅನ್ನುತ್ತಿದ್ದಳು. ಆಗ ಜಿಪುಣತನ ಅಂದುಕೊಂಡಿದ್ದೆವು. ಉಕ್ಕು ಅತಿಯಾಗಿ ಕಾದರೆ ಹದ ಹೋಗುತ್ತದೆ, ಅಂಚು ಮೆತ್ತಗಾಗುತ್ತದೆ ಅಂತ ಈಗ ಗೊತ್ತಾಗಿದೆ. ಆದ್ದರಿಂದ ಮೊನೆಯನ್ನು ಎಲೆಕ್ಟ್ರಿಕ್ ಸಾಣೆಗೆ ಕೊಡಬೇಡಿ.

ಚೂಪಾಯಿತೋ ಇಲ್ಲವೋ ನೋಡಲು ಕೈ ಮೇಲಿನ ಕೂದಲು ಬೋಳಿಸುವವರಿದ್ದಾರೆ. ನಾನು ರಬ್ಬರ್ ಬ್ಯಾಂಡ್ ಬಳಸುತ್ತೇನೆ. ಸ್ವಲ್ಪ ಎಳೆದು ಹಿಡಿದು ಅಲಗನ್ನು ಸುಮ್ನೆ ಅದರ ಮೇಲೆ ಜಾರಿಸಬೇಕು. ಒತ್ತದೇ ತುಂಡಾಗಬೇಕು. ಒಳಗಿನ ರಕ್ತನಾಳವೂ ಹಾಗೇ, ಒದ್ದೆ ರಬ್ಬರಿನ ಹಾಗೆ ಜಾರುತ್ತದೆ. ಮೊಂಡು ಅಲಗು ಅದನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತದೆ, ಇಲ್ಲವೇ ಹರಿಯುತ್ತದೆ. ಹರಿದ ನಾಳ ಬೇಗ ಹೆಪ್ಪುಗಟ್ಟುತ್ತದೆ. ನುಣ್ಣಗೆ ಕೊಯ್ದದ್ದು ಹಾಗಲ್ಲ. ಶೇವಿಂಗ್ ಬ್ಲೇಡಿನ ಗಾಯ ಎಷ್ಟು ಹೊತ್ತು ಜಿನುಗುತ್ತದೆ, ಗಂಡಸರಿಗೆ ಗೊತ್ತಿರಬೇಕು.

ತೂಕದ ವಿಷಯ. ಜನ ವೇಗಕ್ಕೆ ಮರುಳಾಗಿ ಹಗುರ ಬಾಣ ಹಾಕುತ್ತಾರೆ. ನನ್ನ ಬಾಣವನ್ನು 400ರಿಂದ 480 ಗ್ರೇನಿಗೆ ಏರಿಸಿದಾಗ ವೇಗ 200ರಿಂದ 185ಕ್ಕೆ ಇಳಿಯಿತು. ಶಕ್ತಿ ಇಳಿಯಲಿಲ್ಲ, ಒಂದು ಅಡಿ-ಪೌಂಡ್ ಏರಿತು. ತೂಕ ಗುಣಿಸು ವೇಗ, ಅಂದರೆ ನೂಕುಬಲ, ಹತ್ತಕ್ಕೆ ಒಂದರಷ್ಟು ಜಾಸ್ತಿಯಾಯಿತು. ಖಾಲಿ ಎತ್ತಿನಗಾಡಿಗಿಂತ ತುಂಬಿದ ಗಾಡಿಯನ್ನು ನಿಲ್ಲಿಸುವುದು ಕಷ್ಟ ಅಲ್ವಾ. ಆ ತೂಕವನ್ನು ಮುಂದೆ ಹಾಕಿದರೆ ಇನ್ನೂ ಒಳ್ಳೆಯದು. 100 ಗ್ರೇನಿನ ಬದಲು 125 ಅಥವಾ 150ರ ಮೊನೆ, ಅದರ ಹಿಂದೆ ಹಿತ್ತಾಳೆಯ ಇನ್ಸರ್ಟ್, ಅಂದರೆ ಮೊನೆ ತಿರುಪಲು ಕೋಲಿನ ತುದಿಯೊಳಗೆ ಕೂರಿಸುವ ತುಂಡು. ಆದರೆ ಮುಂದೆ ತೂಕ ಹಾಕಿದಾಗ ಬಾಣದ ಕೋಲು ಬಿಡುವ ಕ್ಷಣದಲ್ಲಿ ಜಾಸ್ತಿ ಬಾಗುತ್ತದೆ. ಕೋಲಿನ ಬಿಗಿತವನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಎಡ್ ಆಶ್ಬಿ ಎಂಬಾತನ ಹೆಸರು ನೀವು ಕೇಳಿರಬಹುದು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನೇಟಾಲ್‌ನಲ್ಲಿ ನಿಜವಾದ ಪ್ರಾಣಿಗಳ ಮೇಲೇ ಬಾಣಗಳನ್ನು ಪರೀಕ್ಷಿಸಿ ವರದಿ ಬರೆದವನು. ಭಾರಿ ಎಲುಬು ಸೀಳಲು ಬಾಣ 650 ಗ್ರೇನ್ ಇರಬೇಕು ಅಂತ ಆತನ ಮಾತು. ಕೆಲವರು ಆ ಅಂಕಿಯನ್ನು ಮಂತ್ರ ಮಾಡಿಕೊಂಡಿದ್ದಾರೆ. ನಲವತ್ತು ಪೌಂಡಿನಲ್ಲಿ 650 ಹಾಕಿದರೆ ಬಾಣ ಕಲ್ಲೆಸೆದ ಹಾಗೆ ಬಾಗಿ ಹೋಗುತ್ತದೆ. ದೂರದ ಅಂದಾಜು ಎರಡು ಗಜ ತಪ್ಪಿದರೂ ಗುರಿ ತಪ್ಪುತ್ತದೆ. ನನಗೆ ಆಶ್ಬಿಯ ಅಂಕಿಗಿಂತ ಅವನ ಕ್ರಮ ಮುಖ್ಯ. ಮೊದಲು ಬಾಣ, ಮೊನೆ ಮುರಿಯಬಾರದು. ಆಮೇಲೆ ನೇರ ಹಾರಬೇಕು. ಮಿಕ್ಕದ್ದೆಲ್ಲ ಆಮೇಲೆ.

ನೇರ ಹಾರುವುದು ಅಂದರೆ ಸಣ್ಣ ಮಾತಲ್ಲ. ಗೋಡೆಗೆ ಮೊಳೆ ಹೊಡೆಯುವಾಗ ಸುತ್ತಿಗೆ ಓರೆ ಬಿದ್ದರೆ ಏನಾಗುತ್ತದೆ? ಮೊಳೆ ಬಾಗುತ್ತದೆ. ಬಾಣ ಬಾಲ ಅಲ್ಲಾಡಿಸುತ್ತಾ ಹೋಗಿ ತಾಗಿದರೂ ಅಷ್ಟೇ, ಬಲವೆಲ್ಲ ಪಕ್ಕಕ್ಕೆ ಹೋಗುತ್ತದೆ. ಆರು ಅಡಿ ದೂರದಲ್ಲಿ ಕಾಗದ ಕಟ್ಟಿ ಅದರ ಮೂಲಕ ಬಾಣ ಬಿಡಿ. ತೂತು ದುಂಡಗಿದ್ದು ಗರಿಯ ಗುರುತು ಸುತ್ತ ಸಮನಾಗಿ ಬಿದ್ದಿದ್ದರೆ ಸರಿ. ಉದ್ದಕ್ಕೆ ಹರಿದಿದ್ದರೆ ಬಿಲ್ಲನ್ನೋ ಕೋಲನ್ನೋ ತಿದ್ದಬೇಕು. ಮೊನೆ ಹಾಕಿದ ಬಾಣವನ್ನು ಮರದ ಹಲಗೆಯ ಮೇಲೆ ಬುಗುರಿಯ ಹಾಗೆ ತಿರುಗಿಸಿ ನೋಡಿ. ತುದಿ ಅಲುಗಿದರೆ ಅದನ್ನು ಬೇಟೆಗೆ ಒಯ್ಯಬೇಡಿ. ಮೊನೆಯನ್ನು ತಿರುಪುವಾಗ ಮಾತ್ರ ಬರಿಗೈಯಲ್ಲಿ ಹಿಡಿಯಬೇಡಿ, ಅದಕ್ಕೆಂದೇ ಪ್ಲಾಸ್ಟಿಕ್ ಕೀಲಿ ಕೊಟ್ಟಿರುತ್ತಾರೆ. ನನ್ನ ಎಡಹೆಬ್ಬೆರಳಲ್ಲಿ ನಾಲ್ಕು ಹೊಲಿಗೆ ಇದೆ, ತೋರಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ದೂರ ಮುಖ್ಯ. ಇಪ್ಪತ್ತು ಗಜ ಅಂದರೆ 60 ಅಡಿ. ಹೆದೆಯ ಸದ್ದು ಅಲ್ಲಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿನಲ್ಲಿ ಮುಟ್ಟುತ್ತದೆ. ನನ್ನ ಬಾಣಕ್ಕೆ ಸೆಕೆಂಡಿನ ಮೂರನೇ ಒಂದು ಪಾಲು ಬೇಕು. ನಡುವಿನ ಸಮಯ ಜಿಂಕೆಯದು. ಓಡಲು ಶುರು ಮಾಡುವ ಮೊದಲು ಅದು ಕಾಲು ಮಡಚಿ ಕೆಳಗೆ ಬಗ್ಗುತ್ತದೆ, ಬಾಣ ಬೆನ್ನಿನ ಮೇಲೆ ಹೋಗುತ್ತದೆ. ಅದರಲ್ಲೂ ನಮ್ಮ ಚುಕ್ಕೆ ಜಿಂಕೆ ಹುಲಿ, ಸೀಳುನಾಯಿಗಳ ನಡುವೆ ಬೆಳೆದ ವಂಶ. ಇಲ್ಲಿಯ ವೈಟ್‌ಟೇಲ್ ಜಿಂಕೆಗಿಂತ ಇದು ಚುರುಕು ಅಂತ ಇಲ್ಲಿಯ ಬೇಟೆಗಾರರೇ ಹೇಳುತ್ತಾರೆ. ನನಗೆ ಒಳಗೊಳಗೇ ಖುಷಿ. ಮೂವತ್ತು ಗಜದ ಬಾಣ ನಾನು ಬಿಡುವುದೇ ಇಲ್ಲ. ಇಪ್ಪತ್ತರೊಳಗೆ, ಅಡ್ಡಲಾಗಿ ನಿಂತಿರಬೇಕು ಅಥವಾ ಸ್ವಲ್ಪ ಆಚೆ ತಿರುಗಿರಬೇಕು, ಮುಂಗಾಲಿನ ಹಿಂದೆ ಪುಪ್ಪುಸ. ನಮ್ಮ ಕಡೆ ಮುಖ ಮಾಡಿದ್ದರೆ ಬಾಣ ಇಳಿಸಿಬಿಡಿ.

ಕಾಡುಹಂದಿ ಕೇಳುತ್ತೀರಿ, ಗೊತ್ತು. ಹೆಣ್ಣು, ಮರಿ ಆಗಬಹುದು. ದೊಡ್ಡ ಗಂಡಿನ ಭುಜದ ಮೇಲೆ ಗುರಾಣಿಯ ಹಾಗೆ ದಪ್ಪ ಪದರ ಇರುತ್ತದೆ, ಬೇಡ. ನೀಲ್‌ಗಾಯ್ ಗಂಡು 200 ಕೆಜಿ ದಾಟುತ್ತದೆ, ಚರ್ಮ ಚಪ್ಪಲಿಯ ಅಟ್ಟೆ. ಅದನ್ನು ನಾನು ದೂರದಿಂದ ನೋಡಿ ಕೈಮುಗಿಯುತ್ತೇನೆ.

ಕೊನೆಗೆ ಕೆಲವು ಪ್ರಶ್ನೆಗಳು ಬಂದವು.

ಮೂರು ಅಲಗಿನ ಮೊನೆ ಮಸೆಯುವುದು ಸುಲಭ ಅಂತಾರಲ್ಲ ಅಂತ ಒಬ್ಬರು ಕೇಳಿದರು. ನಿಜ. ಕಲ್ಲಿನ ಮೇಲೆ ಮಲಗಿಸಿದರೆ ಎರಡು ಅಂಚು ಒಟ್ಟಿಗೆ ಮಸೆಯುತ್ತವೆ, ಕೋನ ಹಿಡಿಯುವ ತಲೆನೋವಿಲ್ಲ. ಜಿ5 ಕಂಪನಿಯ ಮಾಂಟೆಕ್ ಮೊನೆ ಆ ಥರದ್ದು. ಆದರೆ ಹಾಗೆ ಬರುವ ಅಂಚಿನ ಕೋನ 60 ಡಿಗ್ರಿ, ಎರಡು ಅಲಗಿನದಕ್ಕಿಂತ ದಪ್ಪ. ಮಸೆಯಲು ಬರದೇ ಮೊಂಡು ಮೊನೆ ಒಯ್ಯುವವರಿಗಿಂತ ಇದೇ ವಾಸಿ.

ಒಂದೇ ಬದಿಗೆ ಓರೆ ಇರುವ ಸಿಂಗಲ್ ಬೆವೆಲ್ ಬೇಕಾ ಎಂದು ಇನ್ನೊಬ್ಬರು. ಅದು ಒಳಗೆ ಹೋಗುವಾಗ ತಿರುಗುತ್ತದೆ, ಎಲುಬನ್ನು ಸೀಳುತ್ತದೆ. ಕೊಂಡರೆ ಗರಿಯ ತಿರುವೂ ಮೊನೆಯ ಓರೆಯೂ ಒಂದೇ ದಿಕ್ಕಿಗಿರಲಿ. ಬಲಕ್ಕೆ ಬಲ, ಎಡಕ್ಕೆ ಎಡ. ಇಲ್ಲದಿದ್ದರೆ ಒಳಗೆ ಹೋದ ಕೂಡಲೇ ಬಾಣ ತನ್ನ ಜೊತೆಗೇ ಜಗಳ ಆಡುತ್ತದೆ.

ಹದಿಮೂರರ ಮಗಳಿಗೆ 30 ಪೌಂಡ್ ಬಿಲ್ಲು, ಈ ವರ್ಷ ಕರೆದುಕೊಂಡು ಹೋಗಲಾ ಅಂತ ಒಬ್ಬ ಅಪ್ಪ ಕೇಳಿದರು. ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ಬಾಣ ಮುಂದಿನ ವರ್ಷ ಬಿಡಲಿ ಅಂದೆ. ಮಗಳಿಗೆ ಸಿಟ್ಟು ಬಂತು, ಅಲ್ಲೇ ಕೂತಿದ್ದಳು.

ಹಿಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು, ಹೀಗೆ ಮಸೆದೂ ಮಸೆದೂ ಒಂದು ಮೊನೆ ಎಷ್ಟು ವರ್ಷ ಬರುತ್ತದೆ ಎಂದು. ನನ್ನ ಹತ್ತಿರ ಇರುವ ಹಳೆಯದು ಕೊಂಡಾಗ 125 ಗ್ರೇನ್ ಇತ್ತು. ಆರು ವರ್ಷ ಆಯಿತು, ಮೂರು ಜಿಂಕೆ ಆಯಿತು. ಹೋದ ವಾರ ತೂಗಿದೆ, 119. ಮೂರು ಗುಲಗಂಜಿಯಷ್ಟು ಕಲ್ಲು ತಿಂದಿದೆ. ಅಗಲ ಇನ್ನೂ 7/8ಕ್ಕಿಂತ ಮೇಲಿದೆ. ಅದಕ್ಕೆ ಬತ್ತಳಿಕೆಯಲ್ಲಿ ಮೊದಲನೇ ಜಾಗ ಈಗಲೂ ಅದರದ್ದೇ.